ಜರ್ಮನಿಯ ಅರ್ಧಸತ್ಯಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಜರ್ಮನಿಯ ಬಗ್ಗೆ ನಮಗೆ ಬರುವ ಪ್ರಶ್ನೆಗಳಲ್ಲಿ ಪೂರ್ತಿ ಸುಳ್ಳು ಅಪರೂಪ. ಹೆಚ್ಚಿನ ಮಾತುಗಳಲ್ಲಿ ಒಂದು ತುಣುಕು ನಿಜವಿರುತ್ತದೆ. ಬಾಯಿಂದ ಬಾಯಿಗೆ ಬರುವಾಗ ಇಸವಿ ಬಿಟ್ಟುಹೋಗಿರುತ್ತದೆ, ಇಲ್ಲವೇ ಜೊತೆಗಿದ್ದ ಷರತ್ತು ಉದುರಿರುತ್ತದೆ. ಈ ಸಲ ಆ ಉದುರಿದ ಭಾಗವನ್ನೇ ಹುಡುಕಿ ಉತ್ತರ ಬರೆದಿದ್ದೇವೆ. ಕಾನೂನು ಮತ್ತು ಹಣದ ವಿವರಗಳು 2025ರ ಕೊನೆಯ ಹೊತ್ತಿಗೆ ಇದ್ದಂತೆ ಇವೆ.

ಪ್ರಶ್ನೆ: ಹಿಟ್ಲರ್ ಜನರ ಬಹುಮತದಿಂದಲೇ ಗೆದ್ದು ಅಧಿಕಾರಕ್ಕೆ ಬಂದ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪ್ರತಿ ವರ್ಷ ಕೇಳುತ್ತೇನೆ. ಇದು ಸರಿಯೇ?

ಸರಿಯಲ್ಲ. ಮುಕ್ತವಾಗಿ ನಡೆದ ಯಾವ ರಾಷ್ಟ್ರೀಯ ಚುನಾವಣೆಯಲ್ಲೂ ನಾಜಿ ಪಕ್ಷಕ್ಕೆ ಬಹುಮತ ಬರಲಿಲ್ಲ. 1932ರ ಏಪ್ರಿಲ್‌ನಲ್ಲಿ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ನಿಂತ ಹಿಟ್ಲರ್, ಶೇ 53 ಮತ ಪಡೆದ ಹಿಂಡೆನ್‌ಬರ್ಗ್ ಎದುರು ಸೋತ. ಅದೇ ಜುಲೈನ ಸಂಸತ್ ಚುನಾವಣೆಯಲ್ಲಿ ಅವನ ಪಕ್ಷ ಶೇ 37ರಷ್ಟು ಮತ ಪಡೆದು ಅತಿ ದೊಡ್ಡ ಪಕ್ಷವಾಯಿತು. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆದಾಗ ಅದು ಶೇ 33ಕ್ಕೆ ಇಳಿಯಿತು; ಸುಮಾರು 20 ಲಕ್ಷ ಮತಗಳು ಕೈಬಿಟ್ಟವು. ಅಂದರೆ ಪಕ್ಷ ಇಳಿಮುಖವಾಗಿದ್ದ ಹೊತ್ತಿನಲ್ಲೇ, 1933ರ ಜನವರಿ 30ರಂದು, ಹಿಂಡೆನ್‌ಬರ್ಗ್ ಅವನನ್ನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗಿ ನೇಮಿಸಿದರು. ಅದು ನೇಮಕ. ಫ್ರಾನ್ಜ್ ಫಾನ್ ಪಾಪೆನ್ ಮೊದಲಾದ ಸಂಪ್ರದಾಯವಾದಿ ರಾಜಕಾರಣಿಗಳು ಅವನನ್ನು ತಮ್ಮ ಅಂಕೆಯಲ್ಲಿ ಇಟ್ಟುಕೊಳ್ಳಬಹುದೆಂದು ಎಣಿಸಿದ್ದರು. ಮೊದಲ ಸಂಪುಟದಲ್ಲಿ ಹಿಟ್ಲರನನ್ನು ಬಿಟ್ಟರೆ ನಾಜಿಗಳಿದ್ದದ್ದು ಇಬ್ಬರೇ: ಫ್ರಿಕ್ ಮತ್ತು ಗೋರಿಂಗ್.

ಆಮೇಲಿನ ಎಂಟು ವಾರಗಳನ್ನು ದಿನಾಂಕ ಸಹಿತ ನೋಡಬೇಕು. ವಾದ ಅಲ್ಲೇ ಇತ್ಯರ್ಥವಾಗುತ್ತದೆ. ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ತುರ್ತು ಆದೇಶ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಅಂಚೆಯ ಗೋಪ್ಯತೆ ಎಲ್ಲವನ್ನೂ ತಡೆಹಿಡಿಯಿತು. ಕಮ್ಯುನಿಸ್ಟರ ಸಾಮೂಹಿಕ ಬಂಧನ ಶುರುವಾಯಿತು. ಇಂಥ ವಾತಾವರಣದಲ್ಲಿ ಮಾರ್ಚ್ 5ರಂದು ಚುನಾವಣೆ ನಡೆದರೂ ಸಿಕ್ಕಿದ್ದು ಶೇ 43.9. ಮಿತ್ರಪಕ್ಷದ ಶೇ 8 ಸೇರಿದ ಮೇಲಷ್ಟೇ ಅರ್ಧ ದಾಟಿತು. ಮಾರ್ಚ್ 23ರಂದು ಸರ್ಕಾರಕ್ಕೆ ಸಂಸತ್ತಿನ ಹಂಗಿಲ್ಲದೆ ಕಾನೂನು ಮಾಡುವ ಅಧಿಕಾರ ಕೊಟ್ಟ ಮಸೂದೆ 444ಕ್ಕೆ 94 ಮತಗಳಿಂದ ಪಾಸಾಯಿತು. ವಿರುದ್ಧ ಬಿದ್ದ ಆ 94 ಮತಗಳೂ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದವು. ಸದನದ ಸುತ್ತ ಸಮವಸ್ತ್ರದ ನಾಜಿ ಪಡೆ ನಿಂತಿರುವಾಗ ಅವರ ನಾಯಕ ಒಟ್ಟೊ ವೆಲ್ಸ್ ಎದ್ದುನಿಂತು ವಿರೋಧದ ಭಾಷಣ ಮಾಡಿದರು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ.

ಹಾಗೆಂದು ಜನರ ಪಾಲು ಏನೂ ಇರಲಿಲ್ಲ ಎನ್ನುವುದೂ ತಪ್ಪು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮತದಾರರು ಅವನಿಗೆ ಸ್ವಇಚ್ಛೆಯಿಂದ ಮತ ಹಾಕಿದ್ದರು. ಚರ್ಚೆಯಲ್ಲಿ ಹೇಳುವುದಾದರೆ ಹೀಗೆ ಹೇಳಿ: ಮತ ಅವನನ್ನು ಬಾಗಿಲ ತನಕ ತಂದಿತು, ಬಾಗಿಲು ತೆರೆದದ್ದು ನೇಮಕ, ಒಳಗೆ ಬಂದ ಮೇಲೆ ಚಿಲಕ ಹಾಕಿದ್ದು ತುರ್ತು ಆದೇಶ.

ಪ್ರಶ್ನೆ: ಮೂಟೆಗಟ್ಟಲೆ ನೋಟು ಕೊಟ್ಟು ಬ್ರೆಡ್ಡು ತರುವಷ್ಟು ಹಣದುಬ್ಬರ ಬಂದದ್ದರಿಂದ ಜನ ಹಿಟ್ಲರನತ್ತ ವಾಲಿದರು ಎಂದು ಪಠ್ಯದಲ್ಲಿ ಓದಿದ ನೆನಪು.

ಎರಡೂ ಘಟನೆ ನಿಜ, ನಡುವೆ ಒಂಬತ್ತು ವರ್ಷಗಳ ಅಂತರವಿದೆ. ಆ ಹಣದುಬ್ಬರ 1923ರದು. ಆ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ನವೆಂಬರ್ 15ರಂದು ರೆಂಟೆನ್‌ಮಾರ್ಕ್ ಎಂಬ ಹೊಸ ನಾಣ್ಯ ಬಂದು ಬೆಲೆಗಳು ನಿಂತವು. ಐದು ವರ್ಷದ ನಂತರ, 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 2.6 ಮತ, 12 ಸ್ಥಾನ. 1930ರಲ್ಲಿ ಅದು ಶೇ 18.3ಕ್ಕೆ ಜಿಗಿದಾಗ ದೇಶದಲ್ಲಿದ್ದದ್ದು ಬೆಲೆ ಏರಿಕೆಯಲ್ಲ, ಬೆಲೆ ಕುಸಿತ. ಜಾಗತಿಕ ಆರ್ಥಿಕ ಕುಸಿತಕ್ಕೆ ಚಾನ್ಸಲರ್ ಬ್ರೂನಿಂಗ್ ಸಂಬಳ ಕಡಿತ, ಭತ್ಯೆ ಕಡಿತದಿಂದ ಉತ್ತರ ಕೊಟ್ಟರು. 1932ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ದಾಟಿತು. ಹಣದುಬ್ಬರ ಮಧ್ಯಮ ವರ್ಗದ ಉಳಿತಾಯವನ್ನು ನುಂಗಿ ಗಣರಾಜ್ಯದ ಮೇಲಿನ ನಂಬಿಕೆ ಕೆಡಿಸಿದ್ದು ಹೌದು. ಆದರೆ ಮತಪೆಟ್ಟಿಗೆಯನ್ನು ಅಲುಗಿಸಿದ್ದು ಕೆಲಸ ಕಳೆದುಕೊಂಡ ಭಯ.

ಪ್ರಶ್ನೆ: ಆಟೊಬಾನ್ ಹೆದ್ದಾರಿಗಳನ್ನು ಕಂಡುಹಿಡಿದವನು ಹಿಟ್ಲರ್ ಅಲ್ಲವೇ? ಅಲ್ಲಿ ವೇಗದ ಮಿತಿಯೇ ಇಲ್ಲವಂತಲ್ಲ?

ಮೊದಲನೆಯದು ಆ ಕಾಲದ ಪ್ರಚಾರ ಯಂತ್ರ ಬಿಟ್ಟುಹೋದ ಮಾತು. ಕೊಲೋನ್ ಮತ್ತು ಬಾನ್ ನಡುವಿನ, ಬೇರೆ ರಸ್ತೆಗಳು ಅಡ್ಡ ಹಾಯದ ಸುಮಾರು 20 ಕಿ.ಮೀ. ರಸ್ತೆಯನ್ನು 1932ರ ಆಗಸ್ಟ್ 6ರಂದು ಉದ್ಘಾಟಿಸಿದವರು ಆಗ ಕೊಲೋನ್ ನಗರದ ಮೇಯರ್ ಆಗಿದ್ದ ಕೊನ್ರಾಡ್ ಆಡೆನೌರ್. ಯುದ್ಧಾನಂತರ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದವರೂ ಅವರೇ. ಆ ರಸ್ತೆ ಇಂದಿನ ಎ 555. ನಾಜಿಗಳು ಬಂದ ಮೇಲೆ ಅದನ್ನು ಸಾಮಾನ್ಯ ರಸ್ತೆಯ ದರ್ಜೆಗೆ ಇಳಿಸಿ, 1935ರ ಮೇನಲ್ಲಿ ತೆರೆದ ಫ್ರಾಂಕ್‌ಫರ್ಟ್–ಡಾರ್ಮ್‌ಸ್ಟಾಟ್ ಭಾಗವನ್ನು ತಮ್ಮ ‘ಮೊದಲ’ ರಸ್ತೆ ಎಂದು ಮೆರೆಸಿದರು.

ವೇಗದ ವಿಷಯ. ಕಾರು ಮತ್ತು ಬೈಕುಗಳಿಗೆ ಇಡೀ ಆಟೊಬಾನ್‌ಗೆ ಅನ್ವಯಿಸುವ ಮಿತಿ ಇಲ್ಲ ಎನ್ನುವುದು ನಿಜ. ಆದರೆ ನಗರಗಳ ಸುತ್ತ, ಕಾಮಗಾರಿ ನಡೆಯುವಲ್ಲಿ, ತಿರುವುಗಳಲ್ಲಿ 80, 100, 120ರ ಫಲಕಗಳಿರುತ್ತವೆ, ಕ್ಯಾಮೆರಾಗಳೂ ಇರುತ್ತವೆ. 3.5 ಟನ್ ಮೀರಿದ ಲಾರಿಗೆ ಎಲ್ಲೆಡೆಯೂ 80. ಆಟೊಬಾನ್ ಬಿಟ್ಟು ಇಳಿದರೆ ಊರ ಹೊರಗಿನ ರಸ್ತೆಯಲ್ಲಿ ಕಾರಿಗೆ 100, ಊರೊಳಗೆ 50.

ಮಿತಿ ಇಲ್ಲದ ಕಡೆಯೂ 1978ರಿಂದ 130 ಕಿ.ಮೀ. ‘ಸೂಚಿತ ವೇಗ’ವಿದೆ. ಅದನ್ನು ಮೀರಿದರೆ ದಂಡವಿಲ್ಲ; ತೊಂದರೆ ಅಪಘಾತವಾದಾಗ. 1992ರಲ್ಲಿ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿದ್ದು ಇಷ್ಟು: 130 ಮೀರಿ ಹೋಗುತ್ತಿದ್ದವರು ತಮ್ಮ ತಪ್ಪೇ ಇಲ್ಲವೆನ್ನಬೇಕಾದರೆ, 130ರಲ್ಲೇ ಇದ್ದಿದ್ದರೂ ಅದೇ ಅಪಘಾತ, ಅಷ್ಟೇ ಪೆಟ್ಟು ಆಗುತ್ತಿತ್ತೆಂದು ಸಾಬೀತು ಮಾಡಬೇಕು. ಅದು ಕಷ್ಟ. ಹಾಗಾಗಿ ಎದುರಿನವರು ಏಕಾಏಕಿ ಅಡ್ಡ ಬಂದಿದ್ದರೂ ನಷ್ಟದ ಒಂದು ಪಾಲು ಹೆಗಲಿಗೆ ಬೀಳುತ್ತದೆ.

ಬಲಗಡೆಯಿಂದ ಓವರ್‌ಟೇಕ್ ಮಾಡಬಾರದು. ವಾಹನಗಳು ನಿಂತುಬಿಟ್ಟಾಗ, ಹಿಂದೆ ಆಂಬುಲೆನ್ಸ್ ಕಾಣುವ ಮುಂಚೆಯೇ, ಎಡತುದಿಯ ಸಾಲಿನವರು ಎಡಕ್ಕೂ ಉಳಿದ ಸಾಲಿನವರೆಲ್ಲ ಬಲಕ್ಕೂ ಸರಿದು ನಡುವೆ ದಾರಿ ಬಿಡಬೇಕು. ಮೂರು ಸಾಲುಗಳಿದ್ದರೆ ನಡುವಿನವರು ಗಲಿಬಿಲಿಗೊಂಡು ಎಡಕ್ಕೆ ಸರಿಯುವುದೇ ಸಾಮಾನ್ಯ ತಪ್ಪು. ಅವರು ಹೋಗಬೇಕಾದದ್ದು ಬಲಕ್ಕೆ. ದಾರಿ ಬಿಡದಿದ್ದರೆ ಕನಿಷ್ಠ 200 ಯೂರೊ ದಂಡ, ಚಾಲಕರ ದಾಖಲೆಯಲ್ಲಿ ಎರಡು ತಪ್ಪಿನ ಪಾಯಿಂಟ್, ಒಂದು ತಿಂಗಳು ವಾಹನ ಓಡಿಸುವಂತಿಲ್ಲ.

ಪ್ರಶ್ನೆ: ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ದರೆ ನಮ್ಮ ಡಿಎಲ್‌ನಲ್ಲೇ ಅಲ್ಲಿ ವರ್ಷಗಟ್ಟಲೆ ಕಾರು ಓಡಿಸಬಹುದೇ?

ಪ್ರವಾಸಕ್ಕೆ ಹೋದವರು ಓಡಿಸಬಹುದು. ಅಲ್ಲೇ ನೆಲೆಸಿದವರಿಗೆ ಆರೇ ತಿಂಗಳು. ಆಮೇಲೆ ಭಾರತದ ಲೈಸೆನ್ಸನ್ನು ಸುಮ್ಮನೆ ಬದಲಾಯಿಸಿಕೊಡುವುದಿಲ್ಲ, ಏಕೆಂದರೆ ಪರೀಕ್ಷೆಯಿಂದ ವಿನಾಯಿತಿ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಲೈಸೆನ್ಸ್ ಇದ್ದವರಿಗೆ ಕಡ್ಡಾಯ ತರಗತಿಗಳ ವಿನಾಯಿತಿ ಇದೆಯಾದರೂ ಅಲ್ಲಿನ ‘ಬಲಗಡೆಯಿಂದ ಬಂದವರಿಗೆ ಮೊದಲ ದಾರಿ’ ಎಂಬ ನಿಯಮ ಕೈಗೆ ಹತ್ತಲು ಕೆಲವು ಪಾಠ ಬೇಕೇ ಬೇಕು. ಆರು ತಿಂಗಳ ನಂತರ ಹಳೆಯ ಡಿಎಲ್‌ನಲ್ಲಿ ಓಡಿಸುವುದು ಬರಿಯ ದಂಡದ ವಿಷಯವಲ್ಲ, ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ. ಒಂದು ವರ್ಷದವರೆಗೆ ಜೈಲೂ ಆಗಬಹುದು. ಅಲ್ಲಿಗೆ ಹೋದ ನಾಲ್ಕನೇ ತಿಂಗಳಲ್ಲಾದರೂ ಅರ್ಜಿ ಹಾಕಿ. ಕಚೇರಿಯ ಸಮಯ ಸಿಗುವುದೇ ತಡ.

ಪ್ರಶ್ನೆ: ಬರ್ಲಿನ್ ಗೋಡೆ ಪೂರ್ವ–ಪಶ್ಚಿಮ ಜರ್ಮನಿಗಳ ನಡುವಿನ ಗಡಿ ತಾನೇ? ಹಾಗಿದ್ದರೆ ಬರ್ಲಿನ್ ಗಡಿಯ ಮೇಲಿರಬೇಕಲ್ಲ?

ಭೂಪಟ ಬಿಚ್ಚಿ ನೋಡಿ. ಬರ್ಲಿನ್ ಇದ್ದದ್ದು ಪೂರ್ವ ಜರ್ಮನಿಯ ಹೊಟ್ಟೆಯೊಳಗೆ, ಎರಡು ದೇಶಗಳ ಗಡಿಯಿಂದ ನೂರು ಕಿ.ಮೀ.ಗೂ ಆಚೆ. ನಗರದ ಪಶ್ಚಿಮ ಭಾಗ ಮಾತ್ರ ಅಮೆರಿಕ, ಬ್ರಿಟನ್, ಫ್ರಾನ್ಸ್ ಸುಪರ್ದಿಯಲ್ಲಿತ್ತು. ಸುತ್ತ ಪೂರ್ವ ಜರ್ಮನಿಯೆಂಬ ಸಮುದ್ರವಿದ್ದ ದ್ವೀಪ ಅದು. 1961ರ ಆಗಸ್ಟ್ 13ರಂದು ಕಟ್ಟಲಾರಂಭಿಸಿದ ಗೋಡೆ ಆ ದ್ವೀಪವನ್ನು ಪೂರ್ತಿ ಸುತ್ತುವರಿಯಿತು. ಒಟ್ಟು ಉದ್ದ ಸುಮಾರು 155 ಕಿ.ಮೀ.; ಅದರಲ್ಲಿ ನಗರವನ್ನು ಎರಡಾಗಿ ಸೀಳಿದ್ದು 43 ಕಿ.ಮೀ. ಮಾತ್ರ. ವಿಚಿತ್ರವೆಂದರೆ ಗೋಡೆ ಸುತ್ತಿದ್ದು ಪಶ್ಚಿಮವನ್ನು, ಸೆರೆಯಾದದ್ದು ಪೂರ್ವದವರು.

ಎರಡು ದೇಶಗಳ ನಡುವಿನ ನಿಜವಾದ ಗಡಿ ಬೇರೆಯೇ. ಸುಮಾರು 1,400 ಕಿ.ಮೀ. ಉದ್ದದ ಅದನ್ನು 1952ರಲ್ಲೇ ಬೇಲಿ ಹಾಕಿ ಮುಚ್ಚಿದ್ದರು. ಬರ್ಲಿನ್ ಒಳಗೆ ಮಾತ್ರ ಲೋಕಲ್ ರೈಲು ಹತ್ತಿ ಪಶ್ಚಿಮಕ್ಕೆ ಇಳಿಯಬಹುದಿತ್ತು. 1949ರಿಂದ 1961ರವರೆಗೆ ಸುಮಾರು 27 ಲಕ್ಷ ಜನ ಪೂರ್ವವನ್ನು ತೊರೆದರು, ಅವರಲ್ಲಿ ವೈದ್ಯರು, ಎಂಜಿನಿಯರುಗಳು, ಕುಶಲಕರ್ಮಿಗಳು ಬಹಳ. ಆ ಒಂದು ಕಿಂಡಿಯನ್ನು ಮುಚ್ಚಲೆಂದೇ ಗೋಡೆ ಬಂತು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. ಗೋಡೆ ತೆರೆದದ್ದು 1989ರ ನವೆಂಬರ್ 9ರ ರಾತ್ರಿ. ದೇಶ ಒಂದಾದದ್ದು 1990ರ ಅಕ್ಟೋಬರ್ 3ರಂದು. ರಾಷ್ಟ್ರೀಯ ದಿನವಾಗಿ ಆರಿಸಿಕೊಂಡದ್ದು ಎರಡನೆಯದನ್ನು. 1938ರ ನವೆಂಬರ್ 9ರ ರಾತ್ರಿಯೇ ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿ, ಅಂಗಡಿಗಳನ್ನು ಒಡೆದು, ಜನರನ್ನು ಕೊಂದದ್ದು. ಆ ತಾರೀಖಿನಲ್ಲಿ ಹಬ್ಬ ಮಾಡುವುದು ಹೇಗೆ?

ಪ್ರಶ್ನೆ: ಮುಂದಿನ ತಿಂಗಳು ಜರ್ಮನಿಗೆ ಸಂಸಾರ ಸಮೇತ ಹೋಗುತ್ತಿದ್ದೇವೆ. ಸ್ವಸ್ತಿಕ ಇರುವ ಪೂಜಾ ಸಾಮಾನು ಒಯ್ದರೆ ಬಂಧಿಸುತ್ತಾರೆ ಎಂದು ಹೆದರಿಸುತ್ತಿದ್ದಾರೆ. ಹೊಸ ಮನೆಯ ಬಾಗಿಲಿಗೆ ಬರೆಯಬಹುದೇ?

ಅಲ್ಲಿನ ದಂಡಸಂಹಿತೆಯ 86ಎ ಕಲಂ ನಿಷೇಧಿಸುವುದು ‘ಸಂವಿಧಾನ ವಿರೋಧಿ ಸಂಘಟನೆಗಳ ಲಾಂಛನ’ಗಳನ್ನು. ನಾಜಿ ಪಕ್ಷದ ಚಿಹ್ನೆಯನ್ನು ಜರ್ಮನರು ಕರೆಯುವುದು ಹಾಕೆನ್‌ಕ್ರೊಯ್ಟ್ಸ್, ಕೊಕ್ಕೆಯ ಶಿಲುಬೆ, ಎಂದು. ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಶಿಕ್ಷಣ, ಕಲೆ, ಸಂಶೋಧನೆ, ಇತಿಹಾಸದ ವರದಿಗೆ ವಿನಾಯಿತಿ ಇದೆ. ನಾಜಿ ವಿರೋಧಿಗಳು ಅದೇ ಚಿಹ್ನೆಗೆ ಅಡ್ಡಗೆರೆ ಎಳೆದು ಮಾಡಿದ ಬ್ಯಾಡ್ಜ್ ಅಪರಾಧವಲ್ಲವೆಂದು 2007ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಅಂದರೆ ಆಕಾರವೊಂದೇ ಅಲ್ಲ, ಸಂದರ್ಭ ಮುಖ್ಯ. ಪೂಜೆಯ ಸ್ವಸ್ತಿಕ ಆ ಪಕ್ಷದ ಲಾಂಛನವಲ್ಲ. ದೇವರ ಕೋಣೆಯಲ್ಲಿ, ಕಲಶದ ಮೇಲೆ, ಮನೆಯೊಳಗಿನ ರಂಗೋಲಿಯಲ್ಲಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಆದರೆ ಬೀದಿಗೆ ಕಾಣುವ ಬಾಗಿಲು, ಬಾಲ್ಕನಿ, ಕಾರಿನ ಮುಂಭಾಗ ಬೇಡ. ದಾರಿಹೋಕರಿಗೆ ಸಂದರ್ಭ ಕಾಣುವುದಿಲ್ಲ, ಚಿಹ್ನೆ ಮಾತ್ರ ಕಾಣುತ್ತದೆ. ಅವರು ಪೊಲೀಸರಿಗೆ ತಿಳಿಸಿದರೆ ಪೊಲೀಸರು ವಿಚಾರಿಸಲೇಬೇಕು. ‘ನಮ್ಮದು ನೆಟ್ಟಗಿದೆ, ಅವರದು ಓರೆಯಾಗಿತ್ತು; ನಮ್ಮದು ಬಲಕ್ಕೆ, ಅವರದು ಎಡಕ್ಕೆ ತಿರುಗಿತ್ತು’ ಎಂಬ ಸಮಜಾಯಿಷಿಯನ್ನು ನೆಚ್ಚಬೇಡಿ. ನಾಜಿ ಚಿಹ್ನೆಯೂ ಬಲಕ್ಕೇ ತಿರುಗಿತ್ತು, ಓರೆಯಿಲ್ಲದ ರೂಪವನ್ನೂ ಅವರು ಬಳಸಿದ್ದರು. ಮೇಲಾಗಿ ಗೊಂದಲ ಹುಟ್ಟಿಸುವಷ್ಟು ಹೋಲುವ ಚಿಹ್ನೆಗಳನ್ನೂ ಕಾನೂನು ಒಳಗೊಳ್ಳುತ್ತದೆ. ಹೊರಬಾಗಿಲಿಗೆ ಓಂ ಅಥವಾ ತೋರಣ ಸಾಕು. ಆ ಚಿಹ್ನೆಯ ಕೆಳಗೆ ಕುಟುಂಬವನ್ನೇ ಕಳೆದುಕೊಂಡವರ ಮೊಮ್ಮಕ್ಕಳು ಅದೇ ಬೀದಿಯಲ್ಲಿರಬಹುದು. ನಮ್ಮ ಮಂಗಳಚಿಹ್ನೆ ಅವರಿಗೆ ಹಾಗೆ ಕಾಣಲು ನಾವು ಕಾರಣರಲ್ಲ, ಆದರೂ ಅವರ ಕಣ್ಣನ್ನು ನಾವು ಗೌರವಿಸಬಹುದು.

ತಮಾಷೆಗೆಂದು ನಾಜಿ ಸೆಲ್ಯೂಟ್ ಹೊಡೆದು ಫೋಟೊ ತೆಗೆಸಿಕೊಳ್ಳುವುದು ಇದೇ ಕಲಂ ಅಡಿ ಅಪರಾಧ. 2017ರ ಆಗಸ್ಟ್‌ನಲ್ಲಿ ಬರ್ಲಿನ್ ಸಂಸತ್ ಭವನದ ಮುಂದೆ ಹಾಗೆ ಮಾಡಿದ ಇಬ್ಬರು ಚೀನಾ ಪ್ರವಾಸಿಗರನ್ನು ಪೊಲೀಸರು ಹಿಡಿದು, ತಲಾ 500 ಯೂರೊ ಜಾಮೀನಿನ ಮೇಲೆ ಬಿಟ್ಟರು. ಹದಿಹರೆಯದ ಮಕ್ಕಳಿಗೆ ವಿಮಾನ ಹತ್ತುವ ಮುಂಚೆಯೇ ತಿಳಿಹೇಳಿ.

ಪ್ರಶ್ನೆ: ‘ಶರ್ಮನ್’ ಎಂಬ ಸಂಸ್ಕೃತ ಪದದಿಂದ ‘ಜರ್ಮನ್’ ಬಂತೇ?

ಇಲ್ಲ. ಜರ್ಮನರು ತಮ್ಮನ್ನು ಜರ್ಮನರೆಂದು ಕರೆದುಕೊಳ್ಳುವುದೇ ಇಲ್ಲ. ಅವರು ಡಾಯ್ಚ್, ಅವರ ದೇಶ ಡಾಯ್ಚ್‌ಲಾಂಡ್. ಆ ಪದದ ಹಳೆಯ ಅರ್ಥ ‘ಜನರ ಮಾತು’. ‘ಗೆರ್ಮಾನಿಯ’ ರೋಮನ್ನರು ಹೊರಗಿನಿಂದ ಇಟ್ಟ ಹೆಸರು. ಸಂಸ್ಕೃತಕ್ಕೂ ಜರ್ಮನ್ ಭಾಷೆಗೂ ನಿಜವಾದ ನೆಂಟಸ್ತನವಿದೆ, ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಆ ನೆಂಟಸ್ತನ ಪಿತೃ–ಫಾಟರ್, ಮಾತೃ–ಮುಟರ್‌ನಂಥ ಪದಗಳಲ್ಲಿದೆ.

ಪ್ರಶ್ನೆ: ಕಿಟ್ಟೆಲ್, ಮೋಗ್ಲಿಂಗ್ ಅವರನ್ನು ಕಳಿಸಿದ ಬಾಸೆಲ್ ಮಿಷನ್ ಜರ್ಮನಿಯ ಸಂಸ್ಥೆಯೇ?

ಬಾಸೆಲ್ ಸ್ವಿಟ್ಜರ್‌ಲೆಂಡಿನ ನಗರ, ಜರ್ಮನಿ ಮತ್ತು ಫ್ರಾನ್ಸ್ ಗಡಿಗೆ ಅಂಟಿಕೊಂಡಿದೆ. ಮಿಷನ್ ಅಲ್ಲಿಯದು, ಅದರಲ್ಲಿ ದುಡಿದವರಲ್ಲಿ ಬಹಳಷ್ಟು ಜನ ಜರ್ಮನ್ ಭಾಷಿಕರು, ಅದರಲ್ಲೂ ವ್ಯೂರ್ಟೆಂಬರ್ಗ್ ಪ್ರಾಂತ್ಯದವರು. ಹಾಗಾಗಿ ಗೊಂದಲ ಸಹಜ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಅವರು ವ್ಯೂರ್ಟೆಂಬರ್ಗ್ ರಾಜ್ಯದ ಪ್ರಜೆ. 1832ರಲ್ಲಿ ಉತ್ತರದ ಕಡಲತೀರದ ಪೂರ್ವ ಫ್ರೀಸ್‌ಲಾಂಡ್ ಸೀಮೆಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ ಹ್ಯಾನೋವರ್ ರಾಜ್ಯದವರು. ಪ್ರಷ್ಯದ ನೇತೃತ್ವದಲ್ಲಿ ಅವೆಲ್ಲ ಒಂದು ಸಾಮ್ರಾಜ್ಯವಾದದ್ದು 1871ರ ಜನವರಿ 18ರಂದು. ಕಿಟ್ಟೆಲರ ನಿಘಂಟು ಅಚ್ಚಾದ 1894ರ ಹೊತ್ತಿಗೆ ಜರ್ಮನಿಗೆ ಇಪ್ಪತ್ತಮೂರು ವರ್ಷವಷ್ಟೇ.

ಪ್ರಶ್ನೆ: ಜರ್ಮನ್ ರಾಷ್ಟ್ರಗೀತೆಯನ್ನು ನಿಷೇಧಿಸಿ ಹೊಸದು ಮಾಡಿದರಂತೆ?

ಗೀತೆ ಅದೇ. 1841ರಲ್ಲಿ ಹಾಫ್‌ಮನ್ ಫಾನ್ ಫಾಲರ್ಸ್‌ಲೆಬೆನ್ ಬರೆದ ಮೂರು ಚರಣಗಳಲ್ಲಿ ಈಗ ರಾಷ್ಟ್ರಗೀತೆಯಾಗಿರುವುದು ಮೂರನೆಯದು ಮಾತ್ರ, ಧಾಟಿ ಹೈಡನ್‌ದು. ಅದನ್ನು ರಾಷ್ಟ್ರಗೀತೆ ಮಾಡಿದ್ದೂ ನಾಜಿಗಳಲ್ಲ, 1922ರಲ್ಲಿ ಗಣರಾಜ್ಯದ ಅಧ್ಯಕ್ಷ ಎಬರ್ಟ್. ಮೊದಲ ಚರಣ ಹಾಡುವುದು ಅಪರಾಧವಲ್ಲ, ಆದರೆ ಹಾಡಿದವರನ್ನು ಜನ ಬಲಪಂಥೀಯ ಉಗ್ರರೆಂದೇ ತಿಳಿಯುತ್ತಾರೆ.

ಪ್ರಶ್ನೆ: ಮಗ ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ ಬಿಡಬೇಕಾಗಿದೆ. ಬದಲಿಗೆ ಮೂವರು ಬಾಡಿಗೆದಾರರನ್ನು ತೋರಿಸಿದರೆ ನೋಟಿಸ್ ಅವಧಿ ಮುಗಿಯುವವರೆಗೆ ಬಾಡಿಗೆ ಕಟ್ಟಬೇಕಿಲ್ಲ ಎಂದು ಸ್ನೇಹಿತರು ಹೇಳಿದ್ದಾರೆ. ಅಡ್ವಾನ್ಸ್ ಯಾವಾಗ ವಾಪಸ್ ಬರುತ್ತದೆ?

ಮೂವರ ಈ ನಿಯಮವನ್ನು ಜರ್ಮನರೇ ಬಹಳ ಮಂದಿ ನಂಬುತ್ತಾರೆ. ಕಾನೂನಿನಲ್ಲಿ ಅಂಥದ್ದಿಲ್ಲ. ಕರಾರಿನಲ್ಲೇ ಬದಲಿ ಬಾಡಿಗೆದಾರರ ಷರತ್ತು ಬರೆದಿದ್ದರೆ ಅಥವಾ ಮಾಲೀಕರು ಒಪ್ಪಿದರೆ ಮಾತ್ರ ಬೇಗ ಬಿಡಬಹುದು. ಒಪ್ಪಿದರೆ ಅದನ್ನು ಬರಹದಲ್ಲಿ ಪಡೆಯಿರಿ.

ಬಾಡಿಗೆದಾರರ ನೋಟಿಸ್ ಅವಧಿ ಮೂರು ತಿಂಗಳು, ಕಾರಣ ಹೇಳಬೇಕಾಗಿಲ್ಲ. ಪತ್ರ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಮಾರ್ಚ್ 2ಕ್ಕೆ ತಲುಪಿದರೆ ಮೇ ಕೊನೆಗೆ ಬಿಡುಗಡೆ, ಮಾರ್ಚ್ 10ಕ್ಕೆ ತಲುಪಿದರೆ ಜೂನ್ ಕೊನೆಗೆ. ಒಂದು ವಾರದ ತಡಕ್ಕೆ ಒಂದು ತಿಂಗಳ ಬಾಡಿಗೆ. ಅಂಚೆಗೆ ಹಾಕಿದ ದಿನವಲ್ಲ, ತಲುಪಿದ ದಿನವೇ ಲೆಕ್ಕ.

ಹೆಚ್ಚು ಜನ ಎಡವುವುದು ನೋಟಿಸಿನ ರೂಪದಲ್ಲಿ. ಮನೆಯ ನೋಟಿಸ್ ಕಾಗದದ ಮೇಲಿರಬೇಕು, ಶಾಯಿಯಲ್ಲಿ ಸಹಿ ಇರಬೇಕು. ಇಮೇಲ್, ವಾಟ್ಸ್‌ಆ್ಯಪ್, ಸ್ಕ್ಯಾನ್ ಮಾಡಿದ ಪಿಡಿಎಫ್ ನಡೆಯುವುದಿಲ್ಲ. ಮಾಲೀಕರು ‘ಸರಿ’ ಎಂದು ಉತ್ತರಿಸಿ ಎರಡು ತಿಂಗಳ ಮೇಲೆ ಮಾತು ಬದಲಿಸಿದರೆ ಕೈಯಲ್ಲಿ ಏನೂ ಇರುವುದಿಲ್ಲ. ಕರಾರಿನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಮಾಡಬೇಕು. ರಿಜಿಸ್ಟರ್ಡ್ ಅಂಚೆಯಲ್ಲಿ, ಪೆಟ್ಟಿಗೆಗೆ ಹಾಕಿ ದಾಖಲಿಸುವ ‘ಐನ್‌ವುರ್ಫ್’ ಬಗೆಯನ್ನು ಆರಿಸಿ. ಸಹಿ ಪಡೆದು ಕೊಡುವ ಬಗೆಯಲ್ಲಿ ಮಾಲೀಕರು ಮನೆಯಲ್ಲಿಲ್ಲದಿದ್ದರೆ ಪತ್ರ ಅಂಚೆ ಕಚೇರಿಯಲ್ಲೇ ಕೊಳೆಯುತ್ತದೆ, ಅದನ್ನು ತಲುಪಿದ್ದೆಂದು ಎಣಿಸುವುದಿಲ್ಲ. ನೋಟಿಸ್ ಕೊಡುವ ಮುಂಚೆ ಕರಾರಿನಲ್ಲಿ ‘ಇಷ್ಟು ಕಾಲ ನೋಟಿಸ್ ಕೊಡುವಂತಿಲ್ಲ’ ಎಂಬ ಷರತ್ತು ಇದೆಯೇ ನೋಡಿಕೊಳ್ಳಿ. ಅಂಥದ್ದು ನಾಲ್ಕು ವರ್ಷದವರೆಗೂ ಸಿಂಧುವಾಗಬಹುದು.

ಅಡ್ವಾನ್ಸ್ ಮೂರು ತಿಂಗಳ ‘ತಣ್ಣನೆ ಬಾಡಿಗೆ’ಗಿಂತ ಹೆಚ್ಚಿರುವಂತಿಲ್ಲ. ತಣ್ಣನೆ ಬಾಡಿಗೆ ಎಂದರೆ ಹೀಟಿಂಗ್, ನೀರು, ಕಸದ ಖರ್ಚು ಸೇರದ ಬಾಡಿಗೆ. ಅದನ್ನು ಮೂರು ಸಮಾನ ಕಂತುಗಳಲ್ಲಿ ಕಟ್ಟುವ ಹಕ್ಕಿದೆ. ಮಾಲೀಕರು ಅದನ್ನು ತಮ್ಮ ಹಣದಿಂದ ಬೇರೆಯಾಗಿ, ಬಡ್ಡಿ ಬರುವಂತೆ ಇಡಬೇಕು. ಹಿಂದಿರುಗಿಸಲು ಕಾನೂನಿನಲ್ಲಿ ನಿಗದಿತ ದಿನವಿಲ್ಲ. ಮೂರರಿಂದ ಆರು ತಿಂಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ. ಹೀಟಿಂಗ್ ಲೆಕ್ಕ ಬಾಕಿಯಿದ್ದರೆ ಅದಕ್ಕೆ ತಕ್ಕ ಸಣ್ಣ ಮೊತ್ತವನ್ನು ಇನ್ನೂ ಕೆಲಕಾಲ ಹಿಡಿಯಬಹುದು, ಪೂರ್ತಿ ಹಣವನ್ನಲ್ಲ. ಬೀಗದ ಕೈ ಕೊಡುವ ದಿನ ಗೋಡೆ, ನೆಲ, ಕಿಟಕಿಗಳ ಫೋಟೊ ತೆಗೆದು, ಮೀಟರ್ ಅಂಕಿಗಳನ್ನು ಬರೆದು, ಇಬ್ಬರೂ ಸಹಿ ಹಾಕಿದ ಕಾಗದ ಇಟ್ಟುಕೊಳ್ಳಲಿ.

‘ಬಿಡುವಾಗ ಬಣ್ಣ ಬಳಿಸಲೇಬೇಕು’ ಎನ್ನುವುದೂ ಅರ್ಧಸತ್ಯ. ಬಣ್ಣವಿಲ್ಲದೆ ಹಳೆಯ ಸ್ಥಿತಿಯಲ್ಲೇ ಮನೆ ಕೊಟ್ಟು, ಅದಕ್ಕೆ ಪರಿಹಾರವನ್ನೂ ಕೊಟ್ಟಿರದಿದ್ದರೆ ಆ ಷರತ್ತು ಅಸಿಂಧುವೆಂದು 2015ರ ಮಾರ್ಚ್‌ನಲ್ಲಿ ತೀರ್ಪಾಗಿದೆ. ಇಷ್ಟು ವರ್ಷಕ್ಕೊಮ್ಮೆ ಬಳಿಯಲೇಬೇಕು ಎಂಬ ಕಟ್ಟುನಿಟ್ಟಿನ ಷರತ್ತೂ ನಿಲ್ಲುವುದಿಲ್ಲ. ಸಂಶಯವಿದ್ದರೆ ಊರಿನ ಬಾಡಿಗೆದಾರರ ಸಂಘಕ್ಕೆ ಸದಸ್ಯರಾಗಿ ಕರಾರು ತೋರಿಸಲಿ. ವಕೀಲರ ಬಳಿ ಹೋಗುವುದಕ್ಕಿಂತ ಬಹಳ ಅಗ್ಗ.

ಪ್ರಶ್ನೆ: ಅಂಗಡಿಯಲ್ಲಿ ಕೊಂಡ ಜಾಕೆಟ್ ಇಷ್ಟವಾಗಲಿಲ್ಲ. 14 ದಿನದೊಳಗೆ ಹಿಂದಿರುಗಿಸುವ ಹಕ್ಕಿದೆಯಲ್ಲ, ಅಂಗಡಿಯವರು ಒಪ್ಪಲಿಲ್ಲ.

ಆ ಹಕ್ಕು ಆನ್‌ಲೈನ್, ಫೋನ್ ಮೂಲಕ ಅಥವಾ ಮನೆಬಾಗಿಲಿಗೆ ಬಂದವರಿಂದ ಕೊಂಡದ್ದಕ್ಕೆ. ಕೈಯಲ್ಲಿ ಹಿಡಿದು, ಹಾಕಿ ನೋಡಿ, ಅಂಗಡಿಯಲ್ಲಿ ಕೊಂಡದ್ದಕ್ಕೆ ಇಲ್ಲ. ಅನೇಕ ಅಂಗಡಿಗಳು ತಾವಾಗಿಯೇ ವಾಪಸ್ ತೆಗೆದುಕೊಳ್ಳುತ್ತವೆ. ಅದು ಅವರ ಸೌಜನ್ಯ. ಆನ್‌ಲೈನ್ ಖರೀದಿಯಲ್ಲೂ ಪಾರ್ಸೆಲ್ ಸುಮ್ಮನೆ ವಾಪಸ್ ಕಳಿಸಿದರೆ ಸಾಲದು, ‘ಖರೀದಿ ರದ್ದು ಮಾಡುತ್ತಿದ್ದೇನೆ’ ಎಂದು ಒಂದು ಸಾಲು ಬರೆಯಬೇಕು.

ಸರಕಿನಲ್ಲೇ ದೋಷವಿದ್ದರೆ ಕತೆ ಬೇರೆ. ಆಗ ಎರಡು ವರ್ಷ ಮಾರಿದವರೇ ಹೊಣೆ. ‘ಕಂಪನಿಗೆ ಬರೆಯಿರಿ’ ಎಂದು ಸಾಗಹಾಕುವಂತಿಲ್ಲ. ಮೊದಲ 12 ತಿಂಗಳಲ್ಲಿ ದೋಷ ಕಂಡರೆ ಅದು ಮೊದಲೇ ಇತ್ತೆಂದು ಕಾನೂನು ಊಹಿಸುತ್ತದೆ. 2022ಕ್ಕೂ ಮುಂಚೆ ಈ ಅವಧಿ ಆರು ತಿಂಗಳಿತ್ತು. ಮೊದಲು ರಿಪೇರಿ ಅಥವಾ ಬದಲಿ ಸರಕು ಕೇಳಬೇಕು, ಅದು ಆಗದಿದ್ದರೆ ಹಣ. ಬಿಲ್ಲು ಕಳೆದಿದ್ದರೂ ಚಿಂತಿಲ್ಲ, ಅಲ್ಲೇ ಕೊಂಡದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಪುರಾವೆಯಾಗುತ್ತದೆ.

ಪ್ರಶ್ನೆ: ಕಟ್ಟಡ ಕಾಮಗಾರಿಗಳ ಮುಂದೆ ‘ಮಕ್ಕಳ ಕೃತ್ಯಕ್ಕೆ ತಂದೆತಾಯಿ ಹೊಣೆ’ ಎಂಬ ಫಲಕ ಇರುತ್ತದಂತೆ. ನಿಜವಾಗಿ ಕಟ್ಟಬೇಕೇ?

ಫಲಕ ಇದೆ, ಕಾನೂನು ಹಾಗಿಲ್ಲ. ತಂದೆತಾಯಿ ವಯಸ್ಸಿಗೆ ತಕ್ಕಂತೆ ನೋಡಿಕೊಳ್ಳುವ ಕರ್ತವ್ಯದಲ್ಲಿ ತಪ್ಪಿದ್ದರೆ ಮಾತ್ರ ಹೊಣೆ. ಏಳು ವರ್ಷದೊಳಗಿನ ಮಗು ತಾನೂ ಹೊಣೆಯಲ್ಲ. ರಸ್ತೆಯ ಮೋಟಾರು ವಾಹನ ಅಪಘಾತಗಳಲ್ಲಿ ಆ ವಯಸ್ಸು ಹತ್ತು. ಇಬ್ಬರೂ ಹೊಣೆಯಲ್ಲದಾಗ ನಷ್ಟ ಪಟ್ಟವರಿಗೆ ಏನೂ ಸಿಗದೆ ಹೋಗಬಹುದು. ಅದಕ್ಕೇ ಅಲ್ಲಿ ಕುಟುಂಬಗಳು ಹೊಣೆಗಾರಿಕೆ ವಿಮೆ ಮಾಡಿಸುವಾಗ ಸಣ್ಣ ಮಕ್ಕಳಿಂದಾದ ನಷ್ಟವೂ ಸೇರಿದೆಯೇ ಎಂದು ನೋಡುತ್ತವೆ.

ಪ್ರಶ್ನೆ: ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಓದುವ ಆಸೆ. ಓದು ಪೂರ್ತಿ ಉಚಿತವೇ?

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕೋರ್ಸುಗಳಿಗೆ ಬೋಧನಾ ಶುಲ್ಕವಿಲ್ಲ, ಆದರೆ ಶಿಕ್ಷಣ ಆಯಾ ರಾಜ್ಯಗಳ ವಿಷಯ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಒಕ್ಕೂಟದ ಹೊರಗಿನಿಂದ ಹೊಸದಾಗಿ ಸೇರುವವರಿಂದ ಸ್ನಾತಕೋತ್ತರಕ್ಕೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ ಕೇಳುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳಿಗೆ ಶುಲ್ಕ ಇದ್ದೇ ಇದೆ. ಏಜೆಂಟರು ಇಂಥವಕ್ಕೇ ಸೇರಿಸಿ ‘ಜರ್ಮನಿಯಲ್ಲಿ ಸೀಟು’ ಎನ್ನುವುದುಂಟು, ವಿಚಾರಿಸಿ ನೋಡಿ. ಶುಲ್ಕವಿಲ್ಲದ ಕಡೆಯೂ ಪ್ರತಿ ಸೆಮಿಸ್ಟರ್ ಒಂದಷ್ಟು ನೂರು ಯೂರೊಗಳ ವಂತಿಗೆ ಇರುತ್ತದೆ, ಹಲವೆಡೆ ಅದರಲ್ಲೇ ಬಸ್ಸು–ರೈಲಿನ ಪಾಸು ಸೇರಿದೆ.

ವೀಸಾಕ್ಕೆ ಮುಂಚೆ ಭಾರತದ ಪದವಿಗಳ ಎಪಿಎಸ್ ಪರಿಶೀಲನಾ ಪತ್ರ ಕಡ್ಡಾಯ. ಜೊತೆಗೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ತೋರಿಸಬೇಕು. ಅದು ಶುಲ್ಕವಲ್ಲ, ಮಗಳದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಅವಳ ಕೈಗೆ ಬರುತ್ತದೆ. ಮ್ಯೂನಿಕ್‌ನಂಥ ಊರಿನಲ್ಲಿ ಕೋಣೆಯ ಬಾಡಿಗೆಯೇ ಇದರ ದೊಡ್ಡ ಪಾಲು ನುಂಗುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು, ಆದರೆ ಮೊದಲ ಸೆಮಿಸ್ಟರಿನಲ್ಲೇ ಆ ಆದಾಯ ನಂಬಿ ಲೆಕ್ಕ ಹಾಕಬೇಡಿ.

ಪ್ರಶ್ನೆ: ಮನೆಯಲ್ಲಿ ಟಿವಿಯೇ ಇಲ್ಲದಿದ್ದರೂ ಪ್ರಸಾರ ವಂತಿಗೆಯ ಬಿಲ್ಲು ಬಂದಿದೆ. ಕಡೆಗಣಿಸಬಹುದೇ?

ಬೇಡ. ಸಾರ್ವಜನಿಕ ಟಿವಿ, ರೇಡಿಯೊ ಸಂಸ್ಥೆಗಳಿಗೆ ಹೋಗುವ ಆ ವಂತಿಗೆ 2013ರಿಂದ ಟಿವಿಗಲ್ಲ, ಮನೆಗೆ: ತಿಂಗಳಿಗೆ 18.36 ಯೂರೊ. ಒಂದೇ ಮನೆಯಲ್ಲಿ ನಾಲ್ವರು ಸ್ನೇಹಿತರಿದ್ದರೆ ಒಬ್ಬರು ಕಟ್ಟಿದರೆ ಸಾಕು. ಕಟ್ಟುತ್ತಿರುವವರ ಖಾತೆ ಸಂಖ್ಯೆಯನ್ನು ಬರೆದು ಉಳಿದವರು ತಮ್ಮ ಪತ್ರಗಳಿಗೆ ಉತ್ತರಿಸಬೇಕು. ಸುಮ್ಮನಿದ್ದರೆ ಬಾಕಿಯ ಮೇಲೆ ಬಾಕಿ ಸೇರಿ, ಕೊನೆಗೆ ವಸೂಲಿ ಅಧಿಕಾರಿಯ ಪತ್ರ ಬರುತ್ತದೆ.

ಪ್ರಶ್ನೆ: ನಾವು ಕ್ಯಾಥೊಲಿಕರು. ಅಲ್ಲಿ ಚರ್ಚಿಗೆ ಹೋಗದಿದ್ದರೂ ಸಂಬಳದ ಶೇ 9 ಚರ್ಚ್ ತೆರಿಗೆ ಹಿಡಿಯುತ್ತಾರಂತೆ?

ಸಂಬಳದ ಶೇ 9 ಅಲ್ಲ, ಆದಾಯ ತೆರಿಗೆಯ ಶೇ 9; ಬವೇರಿಯ ಮತ್ತು ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿ ಶೇ 8. ತಿಂಗಳಿಗೆ 500 ಯೂರೊ ಆದಾಯ ತೆರಿಗೆ ಇದ್ದರೆ ಚರ್ಚಿಗೆ 45 ಅಥವಾ 40. ಹೋಗುತ್ತೀರೋ ಇಲ್ಲವೋ ಎನ್ನುವುದು ಮುಖ್ಯವಲ್ಲ, ಸದಸ್ಯತ್ವ ಮುಖ್ಯ. ಮನೆಗೆ ಹೋದ ಎರಡು ವಾರದೊಳಗೆ ಮಾಡಬೇಕಾದ ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮದ ಅಂಕಣವಿರುತ್ತದೆ. ಅಲ್ಲಿ ಬರೆದದ್ದೇ ತೆರಿಗೆ ಇಲಾಖೆಗೆ ಹೋಗುತ್ತದೆ. ಹಿಂದೂ, ಮುಸ್ಲಿಂ, ಜೈನರಿಗೆ ಇಂಥ ತೆರಿಗೆ ಇಲ್ಲ. ಬೇಡವೆನ್ನುವವರು ರಾಜ್ಯಕ್ಕೆ ತಕ್ಕಂತೆ ನ್ಯಾಯಾಲಯದಲ್ಲೋ ನಾಗರಿಕ ನೋಂದಣಿ ಕಚೇರಿಯಲ್ಲೋ ಸದಸ್ಯತ್ವ ಬಿಡಬಹುದು, ಆದರೆ ಅಲ್ಲಿನ ಕ್ಯಾಥೊಲಿಕ್ ಚರ್ಚು ಅದನ್ನು ಗಂಭೀರವಾಗಿ ಪರಿಗಣಿಸುತ್ತದೆ. ಸಂಸ್ಕಾರಗಳಿಗೆ, ಮಗುವಿನ ಜ್ಞಾನಸ್ನಾನಕ್ಕೆ ಧರ್ಮಪಿತರಾಗಲು ಅಡ್ಡಿ ಬರಬಹುದು. ಮನೆಯವರೆಲ್ಲ ಕೂತು ಮಾತಾಡಿ ನಿರ್ಧರಿಸಿ.

ಪ್ರಶ್ನೆ: 2024ರಿಂದ ಜರ್ಮನಿ ಎರಡು ಪೌರತ್ವಕ್ಕೆ ಅವಕಾಶ ಕೊಟ್ಟಿದೆ. ಇನ್ನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಜರ್ಮನ್ ಪೌರರಾಗಬಹುದೇ?

ಜರ್ಮನಿಯ ಕಡೆಯಿಂದ ಅಡ್ಡಿಯಿಲ್ಲ, ಭಾರತದ ಕಡೆಯಿಂದ ಇದೆ. 2024ರ ಜೂನ್ 27ರಿಂದ ಜರ್ಮನಿ ಹಳೆಯ ಪೌರತ್ವ ಬಿಡುವಂತೆ ಕೇಳುವುದಿಲ್ಲ, ಕಾಯುವ ಕಾಲವೂ ಎಂಟರಿಂದ ಐದು ವರ್ಷಕ್ಕೆ ಇಳಿದಿದೆ. ವಿಶೇಷ ಸಾಧನೆ ತೋರಿದವರಿಗಿದ್ದ ಮೂರು ವರ್ಷದ ದಾರಿಯನ್ನು 2025ರಲ್ಲಿ ಮುಚ್ಚಿದ್ದಾರೆ. ಆದರೆ ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಬೇರೆ ದೇಶದ ಪೌರತ್ವ ಸ್ವಇಚ್ಛೆಯಿಂದ ಪಡೆದ ಕ್ಷಣವೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಆ ಮೇಲೂ ಹಳೆಯ ಪಾಸ್‌ಪೋರ್ಟಿನಲ್ಲಿ ಊರಿಗೆ ಬಂದು ಹೋದರೆ ಪ್ರತಿ ಪ್ರಯಾಣಕ್ಕೂ ದಂಡ ಬೀಳಬಹುದು. ಜರ್ಮನ್ ಪೌರತ್ವದ ಪತ್ರ ಕೈಗೆ ಬಂದೊಡನೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆದು, ಅದರ ಆಧಾರದಲ್ಲಿ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡಿಗೆ ಅರ್ಜಿ ಹಾಕಬೇಕು. ಒಸಿಐ ಬರುವ ತನಕ ಊರಿಗೆ ಬರಲು ಜರ್ಮನ್ ಪಾಸ್‌ಪೋರ್ಟಿನ ಮೇಲೆ ಭಾರತದ ವೀಸಾ ಬೇಕು. ಮದುವೆ, ಗೃಹಪ್ರವೇಶಗಳಿಗೆ ಟಿಕೆಟ್ ಕಾಯ್ದಿರಿಸುವ ಮುಂಚೆ ಈ ನಡುವಿನ ವಾರಗಳನ್ನು ಲೆಕ್ಕಕ್ಕೆ ಹಿಡಿಯಿರಿ.